ಕಿಟಕಿಯ ಪಕ್ಕದ ಕುರ್ಚಿ

"ನಾಳೆ ನಮ್ಮ ನಾಡಿನ ಮಂತ್ರಿಯಾಗಿ ಒಕ್ಕೂಟದ ಸಭೆಗೆ ಹೊರಟಿದ್ದೇನೆ. ಅಲ್ಲಿ ನಾನು ನಾಡಿನವನಾಗಿ ಕೂರಬೇಕೋ, ಒಕ್ಕೂಟದವನಾಗಿ ಕೂರಬೇಕೋ?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಗುರುಗಳು ಹೇಳಿದರು:

ಒಂದು ನದಿಯ ದಂಡೆಯಲ್ಲಿ ಏಳು ನಾಡುಗಳಿದ್ದವು. ನೀರು ಒಂದೇ ಆದ್ದರಿಂದ ಏಳೂ ಸೇರಿ ಒಕ್ಕೂಟ ಮಾಡಿಕೊಂಡು ಒಂದು ಸಭಾಮನೆ ಕಟ್ಟಿದವು. ಪೈರಿನ ವಿಷಯವಿದ್ದರೆ ಏಳು ನಾಡುಗಳ ಪೈರಿನ ಮಂತ್ರಿಗಳು ಅಲ್ಲಿ ಸೇರುತ್ತಿದ್ದರು. ಮೀನಿನ ವಿಷಯವಿದ್ದರೆ ಮೀನಿನ ಮಂತ್ರಿಗಳು. ಸಭೆ ನಡೆಸುವ ಸರದಿ ಆರು ತಿಂಗಳಿಗೊಮ್ಮೆ ನಾಡಿನಿಂದ ನಾಡಿಗೆ ಹೋಗುತ್ತಿತ್ತು. ಐದು ಕೈ ಎದ್ದರೆ ಆ ಮಾತು ಏಳೂ ನಾಡುಗಳಿಗೆ ಕಟ್ಟಳೆಯಾಗುತ್ತಿತ್ತು.

ಒಂದು ವರ್ಷ, ಮಳೆಗಾಲದ ಮೊದಲ ಎರಡು ತಿಂಗಳು ನದಿಯಲ್ಲಿ ಯಾರೂ ಬಲೆ ಹಾಕಬಾರದೆಂದು ಕಟ್ಟಳೆಯಾಯಿತು. ಕೆಳದಂಡೆಯ ನಾಡಿನ ಮೀನಿನ ಮಂತ್ರಿ ಮರಳಿ ಬಂದು, ಅವರು ಹಾಗೆ ಮಾಡಿಬಿಟ್ಟರು, ನಾನೊಬ್ಬ ಏನು ಮಾಡಲಿ ಎಂದ. ಜನ ಅವನಿಗಾಗಿ ಮರುಗಿದರು. ಒಬ್ಬ ಮೀನುಗಾರ ಮಾತ್ರ ಆ "ಅವರನ್ನೇ" ಕಂಡು ಎರಡು ಮಾತು ಕೇಳಿ ಬರುತ್ತೇನೆಂದು ಹೊರಟ. ತಾನು ಬರುವವರೆಗೆ ಬಲೆ ಇಳಿಸಬೇಡಿರೆಂದು ನೆರೆಯವರಿಗೆ ಹೇಳಿದ.

ಮೂರು ದಿನ ನಡೆದು ಸಭಾಮನೆ ಸೇರಿದ. ಒಳಗೆ ಏಳು ಕುರ್ಚಿಗಳಿದ್ದವು. ಕಸ ಗುಡಿಸುವ ಮುದುಕಿಯ ಹೊರತು ಯಾರೂ ಇರಲಿಲ್ಲ.

"ಅಜ್ಜೀ, ನಮ್ಮ ಬಲೆ ನಿಲ್ಲಿಸಿದವರು ಎಲ್ಲಿದ್ದಾರೆ?"

"ಇಲ್ಲಿ ಯಾರೂ ಇರುವುದಿಲ್ಲಪ್ಪ. ನೀವು ಕಳಿಸಿದವರು ಬರುತ್ತಾರೆ, ಮಾತಾಡುತ್ತಾರೆ, ಉಂಡು ಹೋಗುತ್ತಾರೆ. ನಿನ್ನದು ಯಾವ ನಾಡು?"

ಮೀನುಗಾರ ಹೇಳಿದ. ಮುದುಕಿ ಪೊರಕೆಯಿಂದಲೇ ಕಿಟಕಿಯ ಪಕ್ಕದ ಕುರ್ಚಿಯನ್ನು ತೋರಿಸಿದಳು.

"ನಿಮ್ಮ ಮಂತ್ರಿಗಳಿಗೆ ಗಾಳಿ ಆಗದು, ಶಾಲು ಹೊದ್ದೇ ಕೂರುತ್ತಾರೆ. ಅವತ್ತು ಮೊದಲು ಎದ್ದ ಕೈ ಆ ಶಾಲಿನೊಳಗಿನದೇ. ಮೊಟ್ಟೆಯಿಡುವ ಹೊತ್ತಿನಲ್ಲಿ ಮೀನನ್ನು ಬಿಟ್ಟರೆ ಮುಂದಿನ ವರ್ಷ ಬಲೆ ತುಂಬುತ್ತದೆ ಅಂತ ಎಷ್ಟು ಬಿಡಿಸಿ ಹೇಳಿದರು, ನನ್ನಂಥವಳಿಗೂ ತಿಳಿಯಿತು. ನಿಮಗೆ ಹೇಳಲಿಲ್ಲವೇ?"

ಮೀನುಗಾರ ಮೂರು ದಿನದ ದಾರಿಯನ್ನು ಎರಡೇ ದಿನದಲ್ಲಿ ನಡೆದ. ಅಷ್ಟರಲ್ಲಿ ಊರಿನವರು, ಯಾರೋ ಮಾಡಿದ ಕಟ್ಟಳೆಗೆ ನಾವೇಕೆ ಕಾಯಬೇಕೆಂದು ಬಲೆ ಇಳಿಸಿದ್ದರು. ಹೊಟ್ಟೆ ತುಂಬ ಮೊಟ್ಟೆಯಿದ್ದ ಮೀನುಗಳು ದಡದಲ್ಲಿ ರಾಶಿ ಬಿದ್ದಿದ್ದವು.

ಮರುವರ್ಷ ಬಲೆಗಳು ಬರಿದಾಗಿ ಮೇಲೆ ಬಂದವು. ಅದಕ್ಕೂ ಸಭಾಮನೆಯ ಆ "ಅವರೇ" ಕಾರಣವೆಂದು ಮಂತ್ರಿ ಹೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಎಲ್ಲಿಯವನಾಗಿ ಕೂರಬೇಕೆಂಬ ತನ್ನ ಪ್ರಶ್ನೆ ಹಾಗೆಯೇ ಉಳಿಯಿತೆಂದು ಶಿಷ್ಯ ನೆನಪಿಸಿದ.

"ಸಭೆಯಿಂದ ಮರಳಿ ಬಂದು ನಾಡಿನವರಿಗೆ ಏನು ಹೇಳುವೆಯೋ, ಅದನ್ನು ಈಗಲೇ ನನಗೆ ಹೇಳು" ಎಂದರು ಗುರುಗಳು.

"ಅವರು..." ಎಂದು ಶುರುಮಾಡಿದ ಶಿಷ್ಯ, "ನಾವು..." ಎಂದು ತಿದ್ದಿಕೊಂಡ.