ಖಣದ ವ್ಯಾಪಾರಿಯ ಜಿಪ್ಪು

ಡಿಸೆಂಬರ್ ಒಂಬತ್ತು, ಸೋಮವಾರ. ಮೋಡವಿರಲಿಲ್ಲ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

“ಅಜ್ಜಾರ, ಇಬ್ಬರೊಳಗ ಯಾರನ್ನ ಬಿಡಿಸ್ಲಿ?” ಎಂದು ಚನ್ನವೀರಯ್ಯ ಮಠದ ಸ್ವಾಮಿಗಳನ್ನು ಕೇಳಿದ.

ಮಠದ ಉಚಿತ ವಸತಿನಿಲಯದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಅಲ್ಲಿ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು, ಫಕೀರಪ್ಪ ಪಲ್ಯ ಮಾಡುತ್ತಿದ್ದ. ಇಬ್ಬರೂ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ರೊಟ್ಟಿ ಬಂದಾಗ ಪಲ್ಯ ಇರುತ್ತಿರಲಿಲ್ಲ. ಪಲ್ಯ ಬರುವ ಹೊತ್ತಿಗೆ ರೊಟ್ಟಿ ಆರಿ ಸೆಟೆದಿರುತ್ತಿತ್ತು. ನೂರಿಪ್ಪತ್ತು ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಹೋದ ವರ್ಷವೂ ಇದೇ ಜಗಳವಾಗಿ, ಆಗಿನ ಪಲ್ಯದವನನ್ನು ಕಳಿಸಿ ಫಕೀರಪ್ಪನನ್ನು ತಂದಿದ್ದ. ಮತ್ತೆ ಅದೇ ಆಯಿತು. ಇಬ್ಬರಲ್ಲಿ ಒಬ್ಬರ ಕೆಲಸ ಮಧ್ಯಾಹ್ನದೊಳಗೆ ಹೋಗಬೇಕು ಎಂದು ಚನ್ನವೀರಯ್ಯ ನಿರ್ಧರಿಸಿಕೊಂಡೇ ಬಂದಿದ್ದ. ಯಾರದು ಎಂಬುದೊಂದೇ ಉಳಿದಿತ್ತು.

“ಮಾತು ಬಿಟ್ಟವರು ಕೂಡಿ ಅಡಿಗಿ ಹೆಂಗ ಮಾಡ್ತಾರ?” ಎಂದು ಅಜ್ಜಾರು ಕೇಳಿದರು.

“ನಾ ಅದೀನಲ್ರಿ. ಅಕಿ ಮಾತು ಅವಗ, ಅವನ ಮಾತು ಅಕಿಗೆ ಮುಟ್ಟಸ್ತೀನಿ.”

“ಅಂದದ್ದು ಅಂದಂಗ?”

“ಅಂದಂಗ ಹೇಳಿದ್ರ ಸೌಟು ಹಾರ್ತಾವ್ರಿ. ‘ಹನ್ನೆರಡಕ್ಕ ಪಲ್ಯ ಇಳಿಸಾಕ ಹೇಳು’ ಅಂತಾಳ ಅಕಿ. ನಾ ಹೋಗಿ ‘ನಿನಗ ಆದಾಗ ಇಳಿಸಪಾ’ ಅಂತೀನಿ. ಅವರಿಬ್ಬರಿಗೂ ಒಬ್ಬರ ಮ್ಯಾಲೊಬ್ಬರಿಗೆ ಸಿಟ್ಟು. ನನ್ನ ಮ್ಯಾಲೆ ಮಾತ್ರ ಯಾರಿಗೂ ಇಲ್ಲ ನೋಡ್ರಿ.” ಇದನ್ನು ಅವನು ತುಸು ಹೆಮ್ಮೆಯಿಂದಲೇ ಹೇಳಿದ.

ಅಜ್ಜಾರು ಚಹಾದ ಲೋಟ ಕೆಳಗಿಟ್ಟು ಕತೆ ಶುರು ಮಾಡಿದರು.

ಒಬ್ಬ ಖಣದ ವ್ಯಾಪಾರಿ ಇದ್ದ. ರವಿಕೆಯ ಖಣಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಊರೂರು ತಿರುಗುತ್ತಿದ್ದ. ಚೀಲ ಹಿಡಿಯುವುದಕ್ಕಿಂತ ನಾಲ್ಕು ಖಣ ಹೆಚ್ಚಿಗೇ ತುರುಕುತ್ತಿದ್ದ. ಒಂದು ದಿನ ಬಸ್ಸು ಹತ್ತುವ ಮುಂಚೆ ಜಿಪ್ಪು ಎಳೆದ. ಹಲ್ಲುಗಳ ಮೇಲೆ ಜಾರುವ ರನ್ನರು ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡಿತು. ಆದರೆ ಅದು ದಾಟಿಹೋದ ಹಿಂದೆಯೇ ಹಲ್ಲುಗಳು ಬಿಚ್ಚಿಕೊಂಡವು. ಬಸ್ಸಿನ ಮೆಟ್ಟಿಲ ಮೇಲೆಲ್ಲ ಖಣ ಚೆಲ್ಲಿತು. “ಅಂಗಡಿ ಇಲ್ಲೇ ಹಚ್ಚೀರೇನ್ರಿ?” ಎಂದು ಕಂಡಕ್ಟರ್ ಕೇಳಿದ.

ವ್ಯಾಪಾರಿ ಜಿಪ್ಪಿನ ಹಲ್ಲುಗಳನ್ನು ಪರೀಕ್ಷಿಸಿದ. ಎಡಗಡೆಯ ಸಾಲಿನಲ್ಲಿ ಒಂದು ಹಲ್ಲು ಮಾಸಿದ ಹಾಗೆ ಕಂಡಿತು. ತಪ್ಪು ಎಡಗಡೆಯದೇ ಎಂದು ಖಾತ್ರಿಯಾಯಿತು. ದರ್ಜಿಯ ಹತ್ತಿರ ಹೋಗಿ ಎಡಗಡೆಯ ಪಟ್ಟಿ ಬಿಚ್ಚಿಸಿ ಹೊಸದು ಹೊಲಿಸಿದ. ರನ್ನರನ್ನೂ ಹೊಸದು ಹಾಕಲೇ ಎಂದು ದರ್ಜಿ ಕೇಳಿದ. ವ್ಯಾಪಾರಿ ಒಪ್ಪಲಿಲ್ಲ. ಅದು ಹಿತ್ತಾಳೆಯದು, ಈಗ ಅಂಥದ್ದು ಸಿಗುವುದಿಲ್ಲ ಎಂದು ಹಳೆಯದನ್ನೇ ಹಾಕಿಸಿದ.

ನಾಲ್ಕು ದಿನಕ್ಕೆ ಜಿಪ್ಪು ಮತ್ತೆ ಬಿಟ್ಟಿತು. ಈಗ ತಪ್ಪು ಬಲಗಡೆಯದು ಎಂದು ತಿಳಿಯಲು ಪರೀಕ್ಷೆಯೂ ಬೇಕಾಗಲಿಲ್ಲ. ಅದನ್ನೂ ಬದಲಾಯಿಸಿದ. ಹಿತ್ತಾಳೆಯ ರನ್ನರಿಗೆ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ಬೆಳಗಿದ. ಮೂರನೆಯ ದಿನ ಹೊಸ ಎಡ, ಹೊಸ ಬಲ ಎರಡೂ ದೂರ ದೂರ ಸರಿದು ಕುಳಿತವು.

ಬಸ್ ನಿಲ್ದಾಣದ ಗೋಡೆಯ ಪಕ್ಕದಲ್ಲಿ ಚಪ್ಪಲಿ, ಕೊಡೆ, ಚೀಲ ರಿಪೇರಿ ಮಾಡುವವನೊಬ್ಬ ಕೂರುತ್ತಿದ್ದ. ವ್ಯಾಪಾರಿ ಚೀಲವನ್ನು ಅವನ ಮುಂದೆ ಒಗೆದು, ಎರಡೂ ಸಾಲು ಕಿತ್ತುಹಾಕು ಎಂದ.

“ಸಾವಕಾರ್ರ, ಎಡಗಡೆದು ಬದಲಿ ಆತು. ಬಲಗಡೆದು ಬದಲಿ ಆತು. ಬದಲಿ ಆಗದ ಉಳಿದವರು ಯಾರು?” ಎಂದು ರಿಪೇರಿಯವನು ಕೇಳಿದ.

ವ್ಯಾಪಾರಿ ಬಹಳ ಹೊತ್ತು ಯೋಚಿಸಿ, “ನಾನು” ಎಂದ.

“ನಿಮ್ಮನ್ನ ರಿಪೇರಿ ಮಾಡೂದು ನನ್ನ ಕೈಲಿ ಆಗೂದಿಲ್ರಿ” ಎಂದು ಅವನು ರನ್ನರನ್ನು ಬೆರಳಿನಿಂದ ತಟ್ಟಿ ತೋರಿಸಿದ.

ಹಲ್ಲುಗಳು ತಾವಾಗಿ ಕೂಡುವುದಿಲ್ಲ. ಎರಡು ಸಾಲುಗಳನ್ನೂ ಹತ್ತಿರಕ್ಕೆ ತಂದು, ಒಂದರೊಳಗೊಂದು ಸೇರುವಷ್ಟು ಬಿಗಿಯಾಗಿ ಒತ್ತಬೇಕಾದದ್ದು ರನ್ನರು. ತುರುಕಿದ ಚೀಲದ ಮೇಲೆ ವರ್ಷಗಟ್ಟಲೆ ಎಳೆದಾಡಿ, ಅದರ ಮೇಲಿನ ತಗಡು ಕೆಳಗಿನ ತಗಡಿನಿಂದ ಕೂದಲೆಳೆಯಷ್ಟು ದೂರವಾಗಿತ್ತು. ಈಗ ಅದು ಯಾವ ಹಲ್ಲನ್ನೂ ನೋಯಿಸುತ್ತಿರಲಿಲ್ಲ. ಎರಡೂ ಕಡೆಯವರನ್ನು ಸವರಿಕೊಂಡು ಹೋಗುತ್ತಿತ್ತು. ಅಷ್ಟು ಸಲೀಸಾಗಿ ಓಡುತ್ತಿದ್ದುದೇ ಅದರ ರೋಗ.

ರಿಪೇರಿಯವನು ರನ್ನರನ್ನು ಜಿಪ್ಪಿನ ಶುರುವಿಗೆ ತಂದು ನಿಲ್ಲಿಸಿದ. ಇಕ್ಕಳದಿಂದ ಅದರ ಒಂದು ಅಂಚನ್ನು ಮೆಲ್ಲಗೆ ಒತ್ತಿದ. ಇನ್ನೊಂದು ಅಂಚನ್ನೂ ಅಷ್ಟೇ ಒತ್ತಿದ. ಎಳೆದು ನೋಡಿದ. ಜಿಪ್ಪು ಅರ್ಧ ಕೂಡಿತು. ಒಮ್ಮೆಲೇ ಜೋರು ಮಾಡಿದರೆ ಮುರಿಯುತ್ತದೆ ಎನ್ನುತ್ತ ಮತ್ತೆ ಎರಡೂ ಕಡೆ ಒಂದಿಷ್ಟು ಒತ್ತಿದ. ಹಲ್ಲುಗಳ ಮೇಲೆ ಮೇಣದಬತ್ತಿಯ ತುಂಡು ಉಜ್ಜಿದ. ಹೆಚ್ಚಿಗೆ ತುರುಕಿದ್ದ ಖಣಗಳನ್ನು ತೆಗೆದು ವ್ಯಾಪಾರಿಯ ಹೆಗಲಿಗೆ ಹಾಕಿದ. ಆಮೇಲೆ ಎಳೆದ. ಈ ಸಲ ರನ್ನರು ಸ್ವಲ್ಪ ಗುರುಗುಟ್ಟಿತು. ಆದರೆ ಅದರ ಹಿಂದೆ ಜಿಪ್ಪು ತುದಿಯವರೆಗೂ ಕೂಡಿಕೊಂಡಿತು. ಹೊಸ ಹಲ್ಲುಗಳಲ್ಲಿ ಒಂದನ್ನೂ ಅವನು ಮುಟ್ಟಲಿಲ್ಲ.

ಚನ್ನವೀರಯ್ಯ ತೊಡೆ ತಟ್ಟಿಕೊಂಡು ನಕ್ಕ. ಆ ವ್ಯಾಪಾರಿಯಂಥ ದಡ್ಡನನ್ನು ಅವನು ಕಂಡಿರಲಿಲ್ಲ.

“ಹುಣಸಿಹಣ್ಣು ಹಚ್ಚಿ ಬೆಳಗ್ಯಾನಲ್ರಿ, ಪುಣ್ಯಾತ್ಮ. ಕಡೀಕ ಎಷ್ಟು ಕೊಟ್ಟನಂತ್ರಿ?”

ಅಜ್ಜಾರು ಲೋಟದಲ್ಲಿ ಉಳಿದ ಚಹಾ ಕುಡಿದು ಮುಗಿಸಿದರು.

“ವ್ಯಾಪಾರಿ ಕೊಟ್ಟದ್ದು ಬರೇ ಹತ್ತು ರೂಪಾಯಿ, ಪೂರಾ ಬೆಲಿ ಕೊಟ್ಟಾಂವ ಎರಡೂ ಕಡಿಂದ ಒತ್ತಿಸಿಕೊಂಡಾಂವ, ನಡುವ ಓಡ್ಯಾಡಾಂವ.”

ಚನ್ನವೀರಯ್ಯ ಯಾರನ್ನು ಬಿಡಿಸಲಿ ಎಂದು ಮತ್ತೆ ಕೇಳದೆ, ಕಾಶವ್ವ ಅಂದದ್ದನ್ನು ಅಂದಂತೆಯೇ ಫಕೀರಪ್ಪನಿಗೆ ಮುಟ್ಟಿಸಲು ಅಡುಗೆಮನೆಗೆ ನಡೆದ.