ಅರಸನ ಇಲ್ಲದ ಪಂಚೆ

ಕದಿರೂರಿನ ಅರಸ ಪುಲಿವರ್ಮನಿಗೆ ಒಂದೇ ಬೆಳಗಿನಲ್ಲಿ ಜ್ಞಾನ ಬಂದುಬಿಟ್ಟಿತು. ಅದೂ ಅರ್ಧ ಪಾಠಕ್ಕೇ ಬಂದದ್ದರಿಂದ ಆಸ್ಥಾನದವರಿಗೆಲ್ಲ ದಿಗಿಲು ಹತ್ತಿತು.

ಪಾಠ ಹೇಳಿದವರು ಊರಾಚೆಯ ವಿಹಾರದ ಮುದಿ ಭಿಕ್ಷು ಸುಮೇಧರು. "ಚಾವಣಿ ಅನ್ನುತ್ತೀರಿ. ತೊಲೆ ಚಾವಣಿಯೇ? ಅಲ್ಲ. ಹೆಂಚು ಚಾವಣಿಯೇ? ಅದೂ ಅಲ್ಲ. ಎಲ್ಲ ಕೂಡಿದಾಗ ಚಾವಣಿಯೆಂದು ಕಾಣುತ್ತದೆ," ಎಂದು ಅವರು ಶುರು ಮಾಡಿದ್ದರು. ಅರಸ ಅಷ್ಟಕ್ಕೇ ಎದ್ದು ಬಂದ.

"ಅಂದಮೇಲೆ ವಿಹಾರಕ್ಕೆ ಚಾವಣಿಯೇ ಇಲ್ಲ," ಎಂದು ಸಭೆಯಲ್ಲಿ ಮೀಸೆ ತಿರುವಿದ. "ಇಲ್ಲದ್ದನ್ನು ಕಿತ್ತರೆ ಯಾರಿಗೇನು ನಷ್ಟ? ನನ್ನ ಆನೆಲಾಯ ಸೋರುತ್ತಿದೆ. ನಾಳೆಯೇ ಆ ತೊಲೆಗಳನ್ನು ಇಳಿಸಿ ಇಲ್ಲಿಗೆ ತನ್ನಿ."

ಹೊರಗೆ ಶ್ರಾವಣದ ಮಳೆ ಹಿಡಿದಿತ್ತು. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ತಂಗಿದ ಜಾಗ ಬಿಟ್ಟು ಹೋಗುವಂತಿಲ್ಲ, ಅದು ಅವರ ವ್ರತ. ಚಾವಣಿ ಹೋದರೆ ಹನ್ನೆರಡು ಮಂದಿಯೂ ನೆನೆಯುತ್ತಲೇ ಕೂರಬೇಕು. ಸುಮೇಧರಿಗಂತೂ ಆಗಲೇ ಕೆಮ್ಮು ಹಿಡಿದಿತ್ತು.

ಮಂತ್ರಿ ಮಾಚಯ್ಯ ಸುಮೇಧರನ್ನು ನೋಡಲು ಹೋದ.

"ನಾನು ಚಾವಣಿ ಇಲ್ಲ ಅನ್ನಲಿಲ್ಲಪ್ಪ. ತೊಲೆ ಹೆಂಚುಗಳನ್ನು ಬಿಟ್ಟು ತಾನೇ ಬೇರೆಯಾಗಿ ಇಲ್ಲ ಅಂದೆ," ಎಂದರು ಸುಮೇಧರು. "ಉಳಿದ ಪಾಠ ಕೇಳಲು ಅರಸರು ನಿಲ್ಲಲಿಲ್ಲ."

"ಉಳಿದದ್ದನ್ನು ನಾನು ಹೇಳಿಕೊಡುತ್ತೇನೆ ಬಿಡಿ, ಸ್ವಾಮಿ," ಎಂದ ಮಾಚಯ್ಯ.

ಮರುದಿನ ಶನಿವಾರ. ಶನಿವಾರ ಎಣ್ಣೆಸ್ನಾನ ಆಗದೆ ಪುಲಿವರ್ಮ ಯಾವ ಕೆಲಸಕ್ಕೂ ಅಪ್ಪಣೆ ಕೊಡುವವನಲ್ಲ. ಮಾಚಯ್ಯ ಬಡಗಿಗಳನ್ನು ಕರೆಸಿ ಬಚ್ಚಲಮನೆಯ ಬಾಗಿಲಲ್ಲೇ ಕಾಯಲು ಹೇಳಿದ. ಅರಸ ಸೀಗೆಪುಡಿಗೆ ಹೆದರಿ ಕಣ್ಣು ಮುಚ್ಚಿದ ಹೊತ್ತು ನೋಡಿ, ಗೂಟದ ಮೇಲಿನ ಬಟ್ಟೆಯನ್ನೆಲ್ಲ ಎತ್ತಿಕೊಂಡು, ಆಳುಗಳನ್ನೂ ಕರೆದುಕೊಂಡು ಹೊರಗೆ ಬಂದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಕೇಳಿತು. "ಯಾರಲ್ಲಿ? ನನ್ನ ಪಂಚೆ ಎಲ್ಲಿ?"

"ಅದನ್ನೇ ಹುಡುಕುತ್ತಿದ್ದೇನೆ, ಪ್ರಭು," ಎಂದ ಮಾಚಯ್ಯ. "ಹಾಸಿನ ನೂಲು ಪಂಚೆಯೇ?"

"ಅಲ್ಲ."

"ಹೊಕ್ಕಿನ ನೂಲು?"

"ಅಲ್ಲಯ್ಯ."

"ಅಂಚು?"

"ಬರೀ ಅಂಚು ಹೇಗೆ ಪಂಚೆಯಾದೀತು? ಚಳಿ ಹತ್ತುತ್ತಿದೆ, ಬೇಗ ಕೊಡು."

"ಹಾಗಾದರೆ ಪಂಚೆಯೇ ಇಲ್ಲ, ಪ್ರಭು. ಇಲ್ಲದ್ದನ್ನು ಎಲ್ಲಿಂದ ಕೊಡಲಿ? ಹಾಗೇ ಬನ್ನಿ. ಬಡಗಿಗಳು ಕಾಯುತ್ತಿದ್ದಾರೆ. ನೀರು ಹೊರುವ ಹೆಂಗಸರೂ ಬರುವ ಹೊತ್ತಾಯಿತು."

ಆಗಲೇ ಅಂಗಳದ ಕಡೆಯಿಂದ ಬಳೆಗಳ ಸದ್ದು, ನಗುವಿನ ಸದ್ದು ಕೇಳಿಸಿತು. ಅರಸ ಹಂಡೆಯ ಹಿಂದೆ ಕೂತುಬಿಟ್ಟ.

"ಮಾಚಯ್ಯ, ನಿನ್ನ ದಮ್ಮಯ್ಯ. ಪಂಚೆ ಇದೆ. ಮಾನ ಹೋಗುವ ಹೊತ್ತಿನಲ್ಲಿ ಖಂಡಿತ ಇದೆ."

"ಮಾನ ಹೋಗುವಾಗ ಪಂಚೆ ಇದ್ದರೆ, ಮಳೆ ಸುರಿಯುವಾಗ ಚಾವಣಿಯೂ ಇದೆಯಲ್ಲವೇ?"

ಒಳಗಿನಿಂದ ಪುಲಿವರ್ಮ ಗಹಗಹಿಸಿ ನಗುವುದು ಕೇಳಿತು. "ಬಡಗಿಗಳನ್ನು ಆನೆಲಾಯಕ್ಕೆ ಕಳಿಸು. ಕಾಡಿನಿಂದ ಹೊಸ ಮರ ತರಲಿ. ವಿಹಾರವನ್ನು ಯಾರೂ ಮುಟ್ಟಬಾರದು. ಈಗಲಾದರೂ ಪಂಚೆ ಕೊಡಯ್ಯ."

ಬಾಗಿಲ ಸಂದಿಯಲ್ಲಿ ಪಂಚೆ ಒಳಗೆ ಹೋಯಿತು.

ಅಂದು ಸಂಜೆ ತುಂಬಿದ ಸಭೆಯಲ್ಲಿ ಅರಸ ಜರತಾರಿ ಶಾಲೊಂದನ್ನು ಎತ್ತಿ ಹಿಡಿದ. "ನಿನಗೆ ಬಹುಮಾನ, ಮಾಚಯ್ಯ. ಕೊಡುವ ಮೊದಲು ಒಂದು ಮಾತು ಹೇಳು. ಈ ಶಾಲು ಇದೆಯೋ, ಇಲ್ಲವೋ?"

ಮಾಚಯ್ಯ ಕೈ ಮುಗಿದ. "ನನ್ನ ಕೈಗೆ ಬರುವ ತನಕ ಹೇಗೆ ಹೇಳಲಿ, ಪ್ರಭು?"