ಅರಗು ಹೊಯ್ದ ಪೆಟ್ಟಿಗೆ

"ಮಾಸ್ತರ, ಚಲೋ ಇದ್ದ ಪೆಡಲ್ ಯಾಕ್ ಬಿಚ್ಚತಾರ್ರೀ ಇವರು?" ಎಂದು ಫಕೀರೇಶ ಕೇಳಿದ.

ಎಲೀಷ ಮಾಸ್ತರರು ಬೆಟಗೇರಿಯಲ್ಲಿ ಗಿಟಾರ್ ಕಲಿಸುವವರು. ಫಕೀರೇಶ ಅವರ ಶಿಷ್ಯ. ಗಿಟಾರಿಗೂ ಸ್ಪೀಕರಿಗೂ ನಡುವೆ ಕಾಲಿನಿಂದ ಒತ್ತುವ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದೇ ಪೆಡಲ್. ಒತ್ತಿದರೆ ತಂತಿಯ ಸ್ವರ ಬೇರೆಯಾಗುತ್ತದೆ. ಗುಡುಗುತ್ತದೆ, ಇಲ್ಲವೆ ಅಳುತ್ತದೆ. ಬಲ್ಲವರು ಮಾಡಿ ಮಾರಿದ ಆ ಪೆಟ್ಟಿಗೆಯನ್ನು ತಂದ ಮರುದಿನವೇ ಬಿಚ್ಚಿ, ಒಳಗಿನದನ್ನು ಕಿತ್ತು, ಬೇರೇನೋ ಬೆಸೆಯುವ ಹುಚ್ಚು ಫಕೀರೇಶನ ಜೊತೆಗಾರರಿಗೆಲ್ಲ ಹತ್ತಿತ್ತು.

"ಮಾಡಿದಾವ ಏನ್ ದಡ್ಡ ಇದ್ದನೇನ್ರೀ? ಹೊಸಾ ಅಂಗಿ ತಂದು ತೋಳು ಕತ್ತರಿಸಿಕೊಂಡಂಗಾತು ಇದು," ಎಂದ.

ಮಾಸ್ತರರು ನಕ್ಕರು. "ಅಂಗಿ ಹೊಲಿದಾವ ನಿನ್ನ ತೋಳು ನೋಡಿದ್ದನೇನಪಾ? ಕೂಡು. ಒಂದು ಕತಿ ಐತಿ."

ಕತೆ ಇದು.

ಒಂದು ಊರಿನಲ್ಲಿ ಪೆಡಲ್ ಮಾಡುವ ಒಬ್ಬ ಕಸಬುದಾರ ಇದ್ದ. ಹರೆಯದಲ್ಲಿ ಅವನೂ ವಾದಕನೇ. ಒಂದು ಆರ್ಕೆಸ್ಟ್ರಾದಲ್ಲಿ ಹಿರಿಯನೊಬ್ಬನ ಬಗಲಿಗೆ ನಿಂತು ಗಿಟಾರ್ ನುಡಿಸುತ್ತಿದ್ದ. ಒಮ್ಮೆ ಒಂದು ಮದುವೆಗೆ ಹೋದಾಗ ನೋಡಿದರೆ, ಹಿರಿಯನ ಸ್ಪೀಕರಿನ ಕಾಗದವನ್ನು ಇಲಿ ಕಡಿದಿತ್ತು. ಸ್ಪೀಕರಿನೊಳಗೆ ಕಾಗದದ ಒಂದು ಬಟ್ಟಲು ಇರುತ್ತದೆ. ಅದು ನಡುಗಿದರೇ ಸ್ವರ. ಅದು ಹರಿದರೆ ಸ್ವರವೂ ಹರಿಯುತ್ತದೆ. ಬದಲಿ ಸ್ಪೀಕರ್ ಇರಲಿಲ್ಲ. ಹಂದರದಲ್ಲಿ ಜನ ಕಾಯುತ್ತಿದ್ದರು. ಹಿರಿಯ ಹಾಗೆಯೇ ನುಡಿಸಿದ.

ಪಂಕ್ತಿಯಲ್ಲಿ ಕೂತವರ ತುತ್ತು ಕೈಯಲ್ಲೇ ಉಳಿಯಿತು. ಮೂಲೆಯಲ್ಲಿ ಬೀಗರು ಜಗಳಾಡುತ್ತಿದ್ದರು, ಅವರೂ ಸುಮ್ಮನಾದರು. ನುಡಿಸುತ್ತಿದ್ದ ಹಿರಿಯ ತನ್ನ ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಅದು ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ. ಮನುಷ್ಯನ ಗಂಟಲಿಗೆ ಬರದ ಸ್ವರ ಅದು. ಮನುಷ್ಯನದೇ ಅಂತ ಮಾತ್ರ ಅನ್ನಿಸುತ್ತಿತ್ತು.

ಮರುದಿನ ಹಿರಿಯ ಕಾಗದಕ್ಕೆ ಗಂಜಿ ಹಚ್ಚಿ ತೇಪೆ ಹಾಕಿದ. ಸ್ವರ ಸ್ವಚ್ಛವಾಯಿತು. ಆ ಹರಿದ ಸ್ವರ ಮತ್ತೆ ಬರಲಿಲ್ಲ. ಕೆಲವು ವರುಷಕ್ಕೆ ಹಿರಿಯನೂ ಹೋದ.

ಕಸಬುದಾರನಿಗೆ ಅಂದು ಹಿಡಿದದ್ದು ಬಿಡಲಿಲ್ಲ. ಅವನು ತಾನೇ ಸ್ಪೀಕರ್ ಹರಿದು ನೋಡಿದ. ಪಟಪಟ ಎಂದಿತು, ಅಷ್ಟೇ. ಬ್ಲೇಡಿನಿಂದ ಸೀಳಿದ, ಸೂಜಿಯಿಂದ ಚುಚ್ಚಿದ. ಮನೆಯವರು ಇವನಿಗೆ ತಲೆ ಕೆಟ್ಟಿದೆ ಎಂದರು. ಕೊನೆಗೆ ನುಡಿಸುವುದನ್ನೇ ಬಿಟ್ಟು ಪೆಡಲ್ ಮಾಡಲು ಕೂತ. ಸ್ಪೀಕರ್ ಮುಟ್ಟದೆ, ಪೆಟ್ಟಿಗೆಯೊಳಗೇ ಸ್ವರವನ್ನು ಹರಿಯಬೇಕು ಎಂಬುದು ಅವನ ಹಟ.

ಅವನ ಪೆಡಲಿಗೆ ಹೆಸರು ಬಂತು. ಊರೂರಿನ ವಾದಕರು ಬಂದು ಒಯ್ದರು. ಇದಕ್ಕಿಂತ ಚಲೋದು ಇಲ್ಲ ಎಂದರು. ಅವನು ತಲೆ ಆಡಿಸುತ್ತಿದ್ದ. ಒಳಗೆ ಮಾತ್ರ, ಇದಲ್ಲ, ಇದಲ್ಲ ಎಂದುಕೊಳ್ಳುತ್ತಿದ್ದ.

ಹೆಸರು ಬಂದ ಮೇಲೆ ಅಂಜಿಕೆ ಬಂತು. ಯಾರಾದರೂ ಬಿಚ್ಚಿ ನೋಡಿದರೆ? ಅವನು ಕರಿ ಅರಗು ಕಾಯಿಸಿ ಪೆಟ್ಟಿಗೆಯ ಒಳಗೆ ಹೊಯ್ಯತೊಡಗಿದ. ಅರಗು ಬಿಗಿದ ಮೇಲೆ ಒಳಗಿನದು ಕಾಣುವುದಿಲ್ಲ, ಕೆಟ್ಟರೆ ರಿಪೇರಿಯೂ ಇಲ್ಲ. ಅರಗಿನ ಕೆಳಗೆ ಏನಿದೆ ಎಂದು ಜನ ತಲೆಗೊಂದು ಮಾತಾಡಿದರು. ಒಬ್ಬ ಪರದೇಶದ ಕಲ್ಲು ಇದೆ ಎಂದ. ಒಬ್ಬ ಮಂತ್ರಿಸಿದ ತಗಡು ಇದೆ ಎಂದ. ನಿಜ ಹೇಳಬೇಕೆಂದರೆ ಅರಗಿನ ಕೆಳಗೆ ಇದ್ದದ್ದು ಪೇಟೆಯಲ್ಲಿ ಮುಷ್ಟಿಗಟ್ಟಲೆ ಸಿಗುವ ಸಾಮಾನು. ಅದು ಅವನಿಗೊಬ್ಬನಿಗೇ ಗೊತ್ತಿತ್ತು. ಅವನು ಮುಚ್ಚಿದ್ದು ಅದನ್ನೇ.

ವಯಸ್ಸಾಯಿತು. ಕಿವಿ ಇಳಿಯತೊಡಗಿತು. ಮೊದಲು ಗುಬ್ಬಿಗಳು ಹೋದವು. ಆಮೇಲೆ ಸೊಸೆಯ ಬಳೆ ಹೋದವು. ಕುಕ್ಕರಿನ ಸೀಟಿ ಹೋಯಿತು. ಬಲಗಿವಿ ಪೂರ್ತಿ ಮುಚ್ಚಿತು. ಎಡಗಿವಿಯಲ್ಲಿ ಈ ವರುಷ ಇರುವುದು ಮುಂದಿನ ವರುಷ ಇರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ಕಸಬುದಾರ ಸಾಯಲು ಹೆದರುತ್ತಿರಲಿಲ್ಲ. ಕಿವಿ ಮುಚ್ಚುವುದರೊಳಗೆ ಆ ಸ್ವರವನ್ನು ಇನ್ನೊಮ್ಮೆ ಕೇಳಬೇಕು, ಅವನಿಗೆ ಉಳಿದ ಆಸೆ ಅದೊಂದೇ. ಉಣ್ಣುವುದು ಮರೆತು ಕೂತ. ಮಾಡಿದ, ಕೆಡಿಸಿದ, ಮತ್ತೆ ಮಾಡಿದ. ಸ್ವರ ಬರಲಿಲ್ಲ.

ಆಗ ಒಬ್ಬ ವಾದಕಿ ಬಂದಳು. ಹರೆಯದವಳು. ಬೆನ್ನಿಗೆ ಗಿಟಾರ್. ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಬಂದ ಧೂಳು ಮೈಮೇಲಿತ್ತು. ಕೈಯಲ್ಲಿ ಅವನೇ ಮಾಡಿದ ಪೆಡಲ್. ತಳದ ಮುಚ್ಚಳ ಇರಲಿಲ್ಲ. ಅರಗು ಅರ್ಧ ಕೆರೆದು ಹೋಗಿತ್ತು. ಒಂದು ತಂತಿ ಹರಿದು ನೇತಾಡುತ್ತಿತ್ತು.

ಕಸಬುದಾರ ಅದನ್ನು ನೋಡಿ ಎದ್ದು ನಿಂತ.

"ಏನ್ ಮಾಡೀದಿ ಇದಕ್ಕ?"

"ಇಸ್ತ್ರಿ ಇಟ್ಟೆ ಅಜ್ಜಾ."

"ಏನು?"

"ಇಸ್ತ್ರಿ! ಅಂಗಿಗೆ ಹಾಕತಾರಲ್ಲ, ಆ ಇಸ್ತ್ರಿ! ಅರಗು ಮೆತ್ತಗಾತು. ಆಮ್ಯಾಲ ಹೇರ್‌ಪಿನ್ನಿಲೆ ಕೆರೆದೆ. ಕೆರೆಯೂಮುಂದ ಒಂದು ತಂತಿ ಹರೀತು. ಅದೊಂದು ಬೆಸೆದು ಕೊಡ್ರಿ, ಹೋಗತೀನಿ."

"ನನ್ನ ಜಲ್ಮ ಹೋತು ಇದರಾಗ. ನೀ ಇಸ್ತ್ರಿ ಇಡತೀ?"

"ಬೈರಿ, ಬೈಯಿಸಿಕೋತೀನಿ. ಆದ್ರ ಒಳಗ ಏನೂ ಇಲ್ಲಲ್ಲ ಅಜ್ಜಾ. ಸಂತಿ ಸಾಮಾನು."

ಕಸಬುದಾರ ಕುಳಿತುಬಿಟ್ಟ. ಇಷ್ಟು ವರುಷ ಮುಚ್ಚಿಟ್ಟದ್ದನ್ನು ಅವಳು ಜೋರಾಗಿ ಕೂಗಿ ಹೇಳಿದ್ದಳು, ಅವನಿಗೆ ಕೇಳಲಿ ಎಂದು. ಅವನ ಮುಖ ನೋಡಿ ಅವಳ ದನಿ ಇಳಿಯಿತು. ಅವಳು ಪೆಟ್ಟಿಗೆಯನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದಳು.

"ಸಂತಿ ಸಾಮಾನಿನಾಗಿಂದ ಇಂಥಾ ಸ್ವರ ಎಬ್ಬಿಸೀರಿ. ಕೆರೆದು ನೋಡಿದ ಮ್ಯಾಲೆ ನನಗ ರಾತ್ರಿ ನಿದ್ದಿ ಬರಲಿಲ್ಲ ಅಜ್ಜಾ."

ಅವನಿಗೆ ಇದು ಕೇಳಿಸಿತೋ ಇಲ್ಲವೋ. ಅವನು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಹರಿದ ತಂತಿಯಷ್ಟೇ ಅಲ್ಲ, ಅದರೊಳಗೆ ಒಂದು ಡಯೋಡ್ ಇರಲಿಲ್ಲ.

ಸ್ವರ ಎಂದರೆ ತೂಗುಮಂಚದ ಹಾಗೆ. ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಕಸಬುದಾರ ತನ್ನ ಪೆಟ್ಟಿಗೆಗಳಲ್ಲಿ ಎರಡು ಡಯೋಡ್ ಇಡುತ್ತಿದ್ದ. ಜೋಳದ ಕಾಳಿನಷ್ಟು ಸಣ್ಣವು. ಮುಂದೆ ಹೋಗುವ ಸ್ವರದ ತಲೆಯನ್ನು ಒಂದು ಸವರುತ್ತಿತ್ತು. ಹಿಂದೆ ಬರುವುದರ ತಲೆಯನ್ನು ಇನ್ನೊಂದು. ಎರಡೂ ಕಡೆ ಸಮ. ಅವನು ಅಚ್ಚುಕಟ್ಟಿನ ಮನುಷ್ಯ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಮಾಡಲು ಅವನ ಕೈಗೆ ಬರುತ್ತಿರಲಿಲ್ಲ. ಅವಳು ಒಂದನ್ನು ಕಿತ್ತು ಒಗೆದಿದ್ದಳು.

"ಇದನ್ಯಾಕ ಕಿತ್ತಿ?"

"ಎರಡೂ ಬಾಜು ಹಿಡಕೊಂಡು ನಿಂತ್ರ ನಾ ಎಲ್ಲಿಂದ ಹೊರಗ ಬರಲಿ ಅಜ್ಜಾ?"

ಅವನಿಗೆ ರೇಗಿತು. ಹರಿದ ತಂತಿಯನ್ನು ಬೆಸೆದ. ಡಯೋಡ್ ಮಾತ್ರ ಹಾಕಲಿಲ್ಲ. ಪೆಟ್ಟಿಗೆಯನ್ನು ಅವಳ ಕಾಲಬುಡಕ್ಕೆ ತಳ್ಳಿದ. "ನುಡಿಸು. ಎಷ್ಟು ಕೆಡಿಸೀದಿ ಅಂತ ನಿನ್ನ ಕಿವೀಲೇ ಕೇಳು."

ಅವಳು ನುಡಿಸಿದಳು.

ಕಸಬುದಾರ ಎಡಗಿವಿಯನ್ನು ಆ ಕಡೆ ತಿರುಗಿಸಿದ್ದ, ತಪ್ಪು ಹಿಡಿಯಲು. ಕೈಯಲ್ಲಿ ಬೆಸೆಯುವ ಕಾದ ಕಡ್ಡಿ ಇತ್ತು. ಅದು ಜಾರಿ ಮೇಜಿನ ಮೇಲೆ ಬಿತ್ತು. ಮೇಜು ಸುಟ್ಟು ಹೊಗೆ ಎದ್ದಿತು. ಅವನು ನೋಡಲಿಲ್ಲ.

ಸ್ವರ ಮುಂದೆ ಹೋದಾಗ ಇಡಿಯಾಗಿ ಹೋಗುತ್ತಿತ್ತು. ಹಿಂದೆ ಬಂದಾಗ ಹರಿದು ಬರುತ್ತಿತ್ತು. ಅಂದು ಆ ಕಾಗದವನ್ನೂ ಇಲಿ ಒಂದೇ ಬದಿಗೆ ಕಡಿದಿತ್ತು. ಅವನು ಜೀವಮಾನವೆಲ್ಲ ಎರಡೂ ಬದಿಗೆ ಸಮನಾಗಿ ಹರಿಯುತ್ತ ಬಂದಿದ್ದ. ಮದುವೆಯ ಹಂದರ ಬಂತು. ತುತ್ತು ಹಿಡಿದ ಕೈಗಳು ಬಂದವು. ಗುಬ್ಬಿ ಕೇಳದ, ಬಳೆ ಕೇಳದ ಆ ಕಿವಿಯೊಳಗೆ ಸತ್ತ ಹಿರಿಯ ಎದ್ದು ನಿಂತು ನುಡಿಸಿದ. ಕಸಬುದಾರ ಎದ್ದ. ಗುಡಿಯಲ್ಲಿ ನಿಂತವರು ನಿಲ್ಲುವಂತೆ ನಿಂತ.

ಅವಳು ನಿಲ್ಲಿಸಿದಳು. ಅವನು ಗಿಟಾರಿಗೆ ಕೈ ಚಾಚಿದ. ಅವಳು ಕೊಟ್ಟಳು. ಅದೇ ಪೆಟ್ಟಿಗೆ, ಅದೇ ಸ್ಪೀಕರ್. ಅವನು ತಂತಿ ಮೀಟಿದ. ಬರಲಿಲ್ಲ. ಮತ್ತೆ ಮೀಟಿದ. ಬರಲಿಲ್ಲ. ಪೆಟ್ಟಿಗೆ ಅವನದಾಗಿತ್ತು, ಕೆಡಿಸಿದವಳು ಅವಳು, ಕೈಯೂ ಅವಳದೇ ಬೇಕಿತ್ತು.

ಅವನು ಗಿಟಾರನ್ನು ಹಿಂದೆ ಕೊಟ್ಟ. ಅವಳು ಅದನ್ನು ಬದಿಗಿಟ್ಟು ಪೆಟ್ಟಿಗೆಯನ್ನು ಬೋರಲು ಹಾಕಿದಳು. ಹೇರ್‌ಪಿನ್ ತೆಗೆದಳು.

"ಏನ್ ಮಾಡತೀ?" ಎಂದ ಕಸಬುದಾರ.

"ಇದಲ್ಲ ಅಜ್ಜಾ. ಆ ಇನ್ನೊಂದನ್ನೂ ಕಿತ್ತು ನೋಡತೀನಿ."

ಕಸಬುದಾರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

ಅವನಿಗೆ ಒಂದು ಮಾತು ಸಾಕಾಗಿತ್ತು. ಇದೇ ಸರಿ, ಇಲ್ಲಿಗೆ ನಿಲ್ಲಿಸು, ನೀನು ಮುಟ್ಟಬೇಕಾದಲ್ಲಿ ಮುಟ್ಟಿದ್ದೀಯ ಎಂದು ಅವನು ಹೇಳಬಹುದಿತ್ತು. ಅವನ ಮಾತಿಗೆ ತೂಕ ಇತ್ತು. ಅವಳು ನಂಬುತ್ತಿದ್ದಳು. ಅವನ ಕಿವಿ ಇರುವತನಕ ಅಲ್ಲೇ ಉಳಿದು ಅದನ್ನೇ ನುಡಿಸುತ್ತಿದ್ದಳು. ಆಮೇಲೂ ಅದನ್ನೇ ನುಡಿಸುತ್ತಿದ್ದಳು, ಸಾಯುವ ತನಕ.

"ನಿನಗ ಏನು ಬೇಕಾಗೇತಿ?" ಎಂದು ಕೇಳಿದ.

"ನಮ್ಮ ಆಯಿ, ನಮ್ಮವ್ವನ ಅವ್ವ, ಜ್ವಾಳದ ಹೊಲದಾಗ ಹಕ್ಕಿ ಕಾಯತಿದ್ಲು. ಅಟ್ಟಣಿಗಿ ಮ್ಯಾಲ ನಿಂತು ಕೂಗೀ ಕೂಗೀ ದನಿ ಒಡದಿತ್ತು. ಆ ಒಡಕು ದನಿ ಹೊಲದ ಆ ತುದೀಗೆ ಹೋಗಿ, ಅಲ್ಲಿ ಹಕ್ಕಿ ಎಲ್ಲಾ ಒಮ್ಮೆಲೇ ಎದ್ದು ಹಾರತಿದ್ವು. ಆ ಎದ್ದದ್ದೂ ಅದರಾಗ ಕೇಳಬೇಕು. ಬರೇ ಕೂಗು ಅಲ್ಲ."

"ಹೆಂಗ ಕೂಗತಿದ್ಲು?"

ಅವಳು ಅವನ ಎಡಗಿವಿಗೆ ಬಾಯಿ ಹಚ್ಚಿ ಕೂಗಿದಳು. "ಹೋ... ಹೊಯ್ಯೋ!" ಹೊರಗೆ ಹೋಗುವವರು ನಿಂತು ನೋಡಿದರು. ಕೂಗಿ ಮುಗಿಸಿ ಅವಳೇ ತಲೆ ಅಲ್ಲಾಡಿಸಿದಳು. "ಹಿಂಗಲ್ಲ. ನನ್ನ ಗಂಟಲಕ್ಕ ಬರಂಗಿಲ್ಲ. ಅದಕ್ಕ ಇದು."

ಕಸಬುದಾರ ಅವಳನ್ನೇ ನೋಡಿದ. ಅವಳು ನುಡಿಸಿದಾಗ ಅವನಿಗೆ ಕೇಳಿಸಿದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ಹೇಳಲಿಲ್ಲ. ಪೆಟ್ಟಿಗೆಯ ಮೇಲಿನ ಅಂಗೈ ತೆಗೆದ. ಬಿದ್ದಿದ್ದ ಕಡ್ಡಿಯನ್ನು ಎತ್ತಿ, ಅದರ ಕಾವು ಹಿಡಿದು, ಉಳಿದ ಅರಗನ್ನು ತಾನೇ ಕೆರೆದು ತೆಗೆದ. ಅವಳು ಎರಡನೆಯ ಡಯೋಡ್ ಕಿತ್ತಳು. ಸ್ವರ ಬದಲಾಯಿತು. ಹಿರಿಯ ಹೋದ, ಹಂದರ ಹೋಯಿತು. ಅವಳು ಮತ್ತೇನೋ ಹಾಕಿದಳು, ನುಡಿಸಿದಳು, ತೆಗೆದಳು. ಅವನು ಡಬ್ಬಿಗಳನ್ನು ತೆರೆದು ಬೇಕಾದ್ದನ್ನು ಕೈಗೆ ಕೊಡುತ್ತ ಹೋದ. ಕತ್ತಲಾಗುವ ಮೊದಲು ಅವಳು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದಳು.

ಮಳೆಗಾಲ ಬರುವಷ್ಟರಲ್ಲಿ ಅವನ ಎಡಗಿವಿಯೂ ಮುಚ್ಚಿತು. ಆಮೇಲೂ ಅವನು ಪೆಡಲ್ ಮಾಡಿದ. ಬೆರಳಿಗೆ ಕೆಲಸ ಗೊತ್ತಿತ್ತು. ಒಂದಕ್ಕೂ ಅರಗು ಹೊಯ್ಯಲಿಲ್ಲ. ಯಾರಾದರೂ ಬಂದು, ಬಿಚ್ಚಿ ನೋಡಲೇ ಎಂದು ಸನ್ನೆ ಮಾಡಿ ಕೇಳಿದರೆ, ಸ್ಕ್ರೂಡ್ರೈವರನ್ನು ಅವರ ಕೈಯಲ್ಲೇ ಇಟ್ಟು ಎದ್ದು ಹೋಗುತ್ತಿದ್ದ.

ಎಲೀಷ ಮಾಸ್ತರರು ಕತೆ ನಿಲ್ಲಿಸಿದರು.

ಫಕೀರೇಶ ಮುಂದಕ್ಕೆ ಸರಿದು ಕೂತ. ಆಮೇಲೆ ಕೇಳಿದ. "ಅಜ್ಜಗ ಅವನದು ಸಿಕ್ತು ಖರೆ. ಆ ಹುಡುಗಿಗೆ ಆಕೀ ಆಯಿ ದನಿ ಸಿಕ್ತೇನ್ರೀ ಮಾಸ್ತರ?"

ಮಾಸ್ತರರು ಅವನ ಮುಖವನ್ನೂ ಅವನ ಕಾಲಬುಡದ ಪೆಡಲನ್ನೂ ನೋಡಿ ಹೇಳಿದರು:

"ಅದು ಯಾರ ಪೆಟ್ಟಿಗ್ಯಾಗ ಐತೋ, ಅಂವ ಇನ್ನಾ ಬಿಚ್ಚಿಲ್ಲಪಾ."